ನೆಲಕ್ಕೆ ಗಲ್ಲ ಹಚ್ಚಿ ನೋಡಿದ ಮೂರನೇ ಕುಣಿ

ನಮ್ಮ ಮೊಮ್ಮಗಳಿಗೆ ಒಂಬತ್ತೂ ಕುಣಿಗಳ ಕೆಲಸ ಸಿಕ್ಕಿತು. ಮೊನ್ನೆ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಅಂಗಳದಲ್ಲಿ ಮರಿಗಳಿಗೆ ತೊಗರಿ ಹೊಟ್ಟು ಹಾಕುತ್ತಿದ್ದಾಗ, ಫೋನು ಬಂತು. ಅವಳು ಫೋನು ಕಿವಿಗೆ ಹಿಡಿದು "ಹೌದ್ರಿ, ಹೌದ್ರಿ, ಆಯ್ತ್ರಿ" ಅಂದಳು, ಫೋನು ಇಟ್ಟಳು, ನೆಟ್ಟಗೆ ಬಂದು ನನ್ನ ಸೊಂಟ ಹಿಡಿದು ಮೇಲಕ್ಕೆತ್ತಿದಳು. ಎಪ್ಪತ್ತರ ಹತ್ತಿರ ಬಂದ ಹೆಂಗಸನ್ನು ಹಾಗೆ ಎತ್ತಬಾರದು. ಹೊಟ್ಟಿನ ಬುಟ್ಟಿ ಮಗುಚಿಬಿತ್ತು, ಮರಿಗಳಿಗೂ ಹಬ್ಬವಾಯಿತು. ನಾನು ಕೆಳಗಿಳಿದ ಮೇಲೆ ಸೆರಗು ಸರಿಮಾಡಿಕೊಂಡು ನೇರವಾಗಿ ಹಿಟ್ಟಿನ ಗಿರಣಿಗೆ ಹೋದೆ. ಬೀಸಲಿಕ್ಕೆ ಏನೂ ಇರಲಿಲ್ಲ. ಆ ಹೊತ್ತಿನಲ್ಲಿ ಊರಿನ ಹೆಂಗಸರೆಲ್ಲ ಅಲ್ಲೇ ಇರುತ್ತಾರೆ ಅಂತ ಹೋದೆ.

"ಒಂಬತ್ತು ಕುಣಿ ತೋಡಿ ಏನ್ ಹಚ್ತೀರಿ, ನಿಂಬಿ ಗಿಡ ಏನ್?" ಎಂದು ನಮ್ಮ ಎದುರು ಮನೆಯಾಕೆ ಕೇಳಿದಳು.

"ತೋಡೂದಲ್ಲವ್ವ, ತೋಡ್ಯಾವ. ನಮ್ಮ ಹುಡುಗಿ ಅವುಗಳ ವಿಡಿಯೋ ಮಾಡ್ತಾಳ."

"ಕುಣೀದು ವಿಡಿಯೋ? ಯಾರ್ ನೋಡ್ತಾರ ಅದನ್ನ?"

"ಚೆಂಡ ಹೊಡೆಯೋರು."

ಆಕೆ ನನ್ನ ಮುಖವನ್ನು ಒಂದು ಸಲ, ಖಾಲಿ ಕೈಯನ್ನು ಒಂದು ಸಲ ನೋಡಿದಳು. "ಚಲೋ ಆಯ್ತು ಬಿಡು," ಅಂದು ಜೋಳದ ಡಬ್ಬಿ ಮುಂದೆ ಸರಿಸಿದಳು. ಬಾಯಲ್ಲಿ ಹೇಳಿದರೆ ಯಾರೂ ಕೊನೆಯತನಕ ಕೇಳುವುದಿಲ್ಲ ಅನ್ನುವುದು ಅವತ್ತೇ ಗೊತ್ತಾಗಿ, ಬರೆಯಲಿಕ್ಕೆ ಕೂತೆ. ನಾನು ಕಲಿತದ್ದು ಮೂರನೇ ಇಯತ್ತೆ. ಬರೆಯುವುದು ಬರುತ್ತದೆ, ನಿಲ್ಲಿಸುವುದು ಬರುವುದಿಲ್ಲ. ಸೊಸೆ ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ, ಅವಳು ಕೂತು ತಪ್ಪು ತಿದ್ದಿದ್ದಾಳೆ. ಅವಳ ಬಗ್ಗೆ ಬರೆದ ಎರಡು ಸಾಲನ್ನೂ ಅವಳೇ ತಿದ್ದಿ ತೆಗೆದಿದ್ದಾಳೆ.

ನಾವು ಕುರಿಯವರು. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು. ನಾನು ಮದುವೆಯಾಗಿ ಬಂದ ಮಾರನೇ ವಾರವೇ ಹಿಂಡಿನ ಹಿಂದೆ ನಡೆದವಳು. ಸುಗ್ಗಿ ಮುಗಿದ ಹೊಲಗಳಲ್ಲಿ ಬಲೆ ಕಟ್ಟಿ ಕುರಿ ತರುಬುವುದು ನಮ್ಮ ಕಸುಬು. ಹಿಂಡು ಹೊಲದಲ್ಲಿ ಮಲಗಿದರೆ ಹಿಕ್ಕೆ ಹೊಲದವನಿಗೆ, ಜೋಳ ನಮಗೆ. ಹಾಗೆ ಯಾದಗಿರಿ ದಾಟಿ ಸೈದಾಪುರದ ತನಕ ನಾವು ಮಲಗದ ಹೊಲವಿಲ್ಲ. ಈಗ ಮಗ ಹಿಂಡನ್ನು ಸಣ್ಣದು ಮಾಡಿದ್ದಾನೆ, ಊರ ಸುತ್ತಮುತ್ತಲೇ ಮೇಯಿಸುತ್ತಾನೆ. ಯಜಮಾನರು ಮಾತ್ರ ಇನ್ನೂ ತಾವೇ ಹಿಂಡಿನ ಒಡೆಯ ಅಂದುಕೊಂಡಿದ್ದಾರೆ. ಕುರಿಗಳೂ ಹಾಗೇ ಅಂದುಕೊಂಡಿವೆ, ಅದಕ್ಕೆ ನಾವು ಸುಮ್ಮನಿದ್ದೇವೆ.

ಮೊಮ್ಮಗಳು ಶಹಾಪುರದಲ್ಲಿ ಮದುವೆ ವಿಡಿಯೋ ಮಾಡುವವರ ಹತ್ತಿರ ಕೆಲಸ ಕಲಿತಳು. ಅವರನ್ನು ನಾವು ಮಾಮಾ ಅನ್ನುತ್ತೇವೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಂಗಡಿ, ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಈ ಕಡೆಯ ಹಿಂದೂ ಮದುವೆ, ಮುಸಲ್ಮಾನರ ಮದುವೆ ಎಲ್ಲಕ್ಕೂ ಅವರೇ. ಮಾಮಾ ಹಾರುವ ಡ್ರೋನ್ ತಂದಾಗ ಅದನ್ನು ಹಾರಿಸಲಿಕ್ಕೆ ಅವರೇ ಹೆದರಿದರು. ನಮ್ಮ ಹುಡುಗಿ ಒಂದೇ ದಿನಕ್ಕೆ ಕಲಿತಳು. ಕಲಿತವಳು ಮೊದಲು ಮಾಡಿದ ಘನಕಾರ್ಯವೆಂದರೆ ಅದನ್ನು ನಮ್ಮ ಹಿಂಡಿನ ಮೇಲೆ ಬಿಟ್ಟದ್ದು. ಕುರಿಗಳು ಹದ್ದು ಬಂತೆಂದು ದಿಕ್ಕಾಪಾಲಾಗಿ ಓಡಿದವು. ಸಂಜೆತನಕ ಅವುಗಳನ್ನು ಕೂಡಿಸಿದ ಅವಳ ಮುತ್ಯಾ, ಅಂದರೆ ನಮ್ಮ ಯಜಮಾನರು, ಮೂರು ದಿನ ಅವಳನ್ನು ಮಾತಾಡಿಸಲಿಲ್ಲ. ಡ್ರೋನನ್ನು ಮಾತ್ರ ಕದ್ದು ಕದ್ದು ನೋಡುತ್ತಿದ್ದರು.

ಯಾದಗಿರಿಯ ಒಂದು ಮದುವೆಯಲ್ಲಿ ಮದುಮಗನ ಕಾರಿನ ಮೇಲೆ ಅವಳು ಡ್ರೋನ್ ಹಾರಿಸುತ್ತಿದ್ದಾಗ ಒಬ್ಬರು ಬಂದು ಮಾತಾಡಿಸಿದರಂತೆ. ಸೈದಾಪುರದ ಆಚೆ ಫ್ಯಾಕ್ಟರಿಗಳು ಬಂದಿವೆಯಲ್ಲ, ಅಲ್ಲಿಯ ಕೆಲವು ಮಾಲಕರು ಸೇರಿ ತಮ್ಮ ಆಟಕ್ಕೆ ಒಂದು ಮೈದಾನ ಮಾಡಿಕೊಂಡಿದ್ದಾರೆ. ಇವರು ಅದರ ಮ್ಯಾನೇಜರ್. ಆಟದ ಹೆಸರು ಗಾಲ್ಫ್. ಒಂಬತ್ತು ಕುಣಿ, ಒಂದೊಂದಕ್ಕೂ ಒಂದೊಂದು ಬಾವುಟ.

ಆ ಆಟ ನಾನು ಕಣ್ಣಾರೆ ನೋಡಿದ್ದೇನೆ. ದೊಡ್ಡ ದೊಡ್ಡ ಮನುಷ್ಯರು ಕೈಯಲ್ಲಿ ಕೋಲು ಹಿಡಿದು, ತಲೆಗೆ ಟೋಪಿ ಹಾಕಿ, ಹುಲ್ಲಿನ ಮೇಲೆ ಇಡೀ ದಿನ ನಡೆಯುತ್ತಾರೆ. ನಿಂಬೆಹಣ್ಣಿನಷ್ಟು ಚೆಂಡನ್ನು ಬಲವಾಗಿ ಹೊಡೆಯುತ್ತಾರೆ. ಆಮೇಲೆ ತಾವೇ ಹೊಡೆದದ್ದನ್ನು ತಾವೇ ಹುಡುಕಿಕೊಂಡು ಹೋಗುತ್ತಾರೆ. ನೆಲ ನೋಡುತ್ತ, ಗೊಣಗುತ್ತ, ಪೊದೆಯಲ್ಲಿ ಕೋಲು ಆಡಿಸುತ್ತ ಹೋಗುವ ಅವರನ್ನು ದೂರದಿಂದ ನೋಡಿದರೆ ಕುರಿ ಕಳೆದುಕೊಂಡ ಕುರುಬರು ಅನ್ನಬೇಕು. ಯಜಮಾನರಿಗೆ ಇದನ್ನು ಹೇಳಿದೆ. "ಅವರಿಗೆ ಕುರಿ ಇಲ್ಲಲ್ಲ, ಪಾಪ. ಮತ್ತೇನ್ ಮಾಡ್ಬೇಕು," ಅಂದರು.

ವಿಡಿಯೋ ಯಾಕೆ ಬೇಕೆಂದರೆ, ಹೊಡೆಯುವವನು ನಿಂತ ಜಾಗದಿಂದ ಬಾವುಟ ಚೆನ್ನಾಗಿ ಕಾಣುವುದಿಲ್ಲ. ನಡುವೆ ಉಸುಕಿನ ಗುಂಡಿ ಇರುತ್ತದೆ, ನೀರಿನ ಹೊಂಡ ಇರುತ್ತದೆ, ಗಿಡ ಇರುತ್ತವೆ. ಉಸುಕನ್ನು ಇವರೇ ತಂದು ಹಾಕಿ, ಅದರಲ್ಲಿ ಚೆಂಡು ಬಿದ್ದರೆ ಇವರೇ ಬೈದುಕೊಳ್ಳುತ್ತಾರೆ, ಅದು ಬೇರೆ ಮಾತು. ಹೊಡೆಯುವ ಮುಂಚೆ ಫೋನಿನಲ್ಲಿ ಆ ಕುಣಿಯ ವಿಡಿಯೋ ನೋಡಿದರೆ ಮೊದಲ ಹೊಡೆತ ಎಲ್ಲಿ ಬೀಳಬೇಕು, ಎರಡನೆಯದು ಎಲ್ಲಿ, ಯಾವ ಕಡೆ ತಪ್ಪಿದರೂ ನಡೆಯುತ್ತದೆ, ಯಾವ ಕಡೆ ತಪ್ಪಲೇಬಾರದು ಎಂದು ಮೊದಲೇ ಯೋಚಿಸಿಕೊಳ್ಳಬಹುದು. ಮೊಮ್ಮಗಳು ನನಗೆ ತಿಳಿಸಿ ಹೇಳಿದ್ದು ಹೀಗೆ: "ಆಯಿ, ಹಿಂಡ ಹೊಂಡೂಕಿಂತ ಮೊದಲ ಮುತ್ಯಾ ಗುಡ್ಡದ ಮ್ಯಾಲ ಹತ್ತಿ ದಾರಿ ನೋಡ್ತಿದ್ದನಲ್ಲ, ಹತ್ತಿ ಹೊಲ ಎಲ್ಲದ, ನೀರ ಎಲ್ಲದ ಅಂತ. ಹಂಗ. ಗುಡ್ಡದ ಬದಲಿ ನನ್ನ ಡ್ರೋನ್."

ಮ್ಯಾನೇಜರ್ ಒಂದು ಶರತ್ತು ಹಾಕಿದರು. ಮೊದಲು ಮೂರನೇ ಕುಣಿ ಒಂದರ ವಿಡಿಯೋ. ಅಲ್ಲಿ ಎಲ್ಲರೂ ಚೆಂಡು ಕಳೆದುಕೊಳ್ಳುತ್ತಿದ್ದರು. ವಿಡಿಯೋ ನೋಡಿ ಆಡಿದವರ ಆಟ ಸುಧಾರಿಸಿದರೆ ಒಂಬತ್ತೂ ಕುಣಿ ನಮ್ಮ ಹುಡುಗಿಗೆ. ಇಲ್ಲದಿದ್ದರೆ ಹೈದರಾಬಾದಿನಿಂದ ಒಂದು ಕಂಪನಿಯವರು ಬರಲಿಕ್ಕೆ ತಯಾರಿದ್ದರು. ಅವರ ಗಾಡಿಯೊಳಗೇ ಟಿವಿ ಇದೆಯಂತೆ. ನಮ್ಮ ಹುಡುಗಿಗೆ ಅಲ್ಲಿಯತನಕ ಸ್ವಂತದ್ದು ಅನ್ನುವ ಒಂದು ಕೆಲಸವೂ ಸಿಕ್ಕಿರಲಿಲ್ಲ. ಎಲ್ಲ ಮದುವೆಯ ವಿಡಿಯೋದ ಮೇಲೂ ಮಾಮಾನ ಅಂಗಡಿಯ ಹೆಸರೇ. ಇದು ಅವಳ ಹೆಸರಿನಲ್ಲಿ ಬಂದ ಮೊದಲನೆಯದು. ಎರಡು ರೊಟ್ಟಿ ತಿನ್ನುವವಳು ಆ ವಾರ ಅರ್ಧ ತಿಂದಳು.

ನಾನೂ ಬರುತ್ತೇನೆ ಅಂದೆ. ಯಾಕೆಂದರೆ ಜಾಗದ ಗುರುತು ಕೇಳಿದಾಗ ನನಗೆ ತಕ್ಷಣ ಗೊತ್ತಾಯಿತು. ಆ ಮೈದಾನ ಇರುವಲ್ಲಿ ಹಿಂದೆ ನಾವು ಎಷ್ಟೋ ವರ್ಷ ಕುರಿ ತರುಬಿದ್ದೆವು. ನನ್ನ ಮಗ ಅಂಬೆಗಾಲಿಟ್ಟದ್ದೇ ಆ ಹೊಲದಲ್ಲಿ.

"ಆ ನೆಲದ ಗುರ್ತು ನನಗ ಬಿಟ್ರ ಯಾರಿಗದ," ಅಂದೆ.

"ಹತ್ತು ವರ್ಷ ಆಯ್ತು ನೀ ಆ ಕಡಿ ಹೋಗಿ," ಎಂದರು ಯಜಮಾನರು. "ನೆಲಾನೂ ಬದಲಾಗ್ತದ, ನಿನ್ನಂಗ."

"ನಿಮ್ಮಂಗ ಅನ್ರಿ. ನಾ ಹೆಂಗಿದ್ದೆ ಹಂಗೇ ಇದ್ದೀನಿ."

ಅವರು ಕುರಿ ಬಿಟ್ಟು ಬರುವುದಿಲ್ಲ ಎಂದರು. ನಾನು, ಮೊಮ್ಮಗಳು, ಮಾಮಾ ಮೂವರೂ ಮಾಮಾನ ವ್ಯಾನಿನಲ್ಲಿ ಹೋದೆವು. ಮುಟ್ಟುವಾಗ ಸೂರ್ಯ ನೆತ್ತಿಯ ಮೇಲೆ. ಮಾಮಾ ಅದೇ ಸರಿಯಾದ ಹೊತ್ತು ಅಂದರು. ಮದುವೆ ವಿಡಿಯೋದವರಿಗೆ ನೆರಳೆಂದರೆ ಆಗುವುದಿಲ್ಲ. ಮದುಮಗಳ ಮೂಗಿನ ನೆರಳು ಕೆನ್ನೆಯ ಮೇಲೆ ಬಿದ್ದು ಮಸಿ ಬಳಿದ ಹಾಗೆ ಕಂಡಿತೆಂದು ಒಮ್ಮೆ ಬೀಗರು ಅವರ ಅಂಗಡಿಗೇ ಬಂದು ಜಗಳ ಮಾಡಿದ್ದರು. ಅವತ್ತಿನಿಂದ ಮಾಮಾ ಹೊರಗಿನ ಚಿತ್ರಗಳನ್ನೆಲ್ಲ ನಡುಮಧ್ಯಾಹ್ನ ತೆಗೆಯುತ್ತಾರೆ, ಶಿಷ್ಯೆಗೂ ಅದನ್ನೇ ಕಲಿಸಿದ್ದಾರೆ.

ಡ್ರೋನ್ ಮೇಲೆ ಹೋಯಿತು. ಅವಳ ಕೈಯಲ್ಲಿದ್ದ ಪರದೆಯಲ್ಲಿ ಮೂರನೇ ಕುಣಿ ಕಂಡಿತು. ಹಸಿರು ಚಾದರ ಹಾಸಿ ಇಸ್ತ್ರಿ ಮಾಡಿದಂತೆ ಇತ್ತು. ಎಡಕ್ಕೆ ಹೊಂಡ, ನಡುವೆ ಬಾವುಟ, ಬಾವುಟದ ಹಿಂದೆ ಉಸುಕು, ಬಲಕ್ಕೆ ಬಯಲು. ಉಬ್ಬು ತಗ್ಗು ಏನೂ ಕಾಣಲಿಲ್ಲ.

"ಆಯಿ, ಬಾವುಟದ ಹತ್ರ ಇಳಿಜಾರು ಯಾವ ಕಡಿ ಅದ?" ಎಂದು ಕೇಳಿದಳು.

ನಾನು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದೆ. ಬಲಗಡೆ ದೊಡ್ಡ ಹಳ್ಳ ಇತ್ತು, ನೆನಪಿತ್ತು. ಮಳೆ ಬಂದರೆ ನೀರೆಲ್ಲ ಆ ಕಡೆಯೇ ಓಡುತ್ತಿತ್ತು. "ಬಲಕ್ಕ," ಅಂದೆ. ಬಗ್ಗಿಯೂ ನೋಡಲಿಲ್ಲ.

ಅವಳು ವಿಡಿಯೋದಲ್ಲಿ ಹಳದಿ ಬಾಣ ಹಾಕಿದಳು. ಬಾವುಟದ ಎಡಕ್ಕೆ ಹೊಡೆಯಿರಿ, ಚೆಂಡು ಉರುಳಿಕೊಂಡು ಬಲಕ್ಕೆ, ಕುಣಿಯ ಕಡೆ ಬರುತ್ತದೆ ಎಂದು.

ಪರೀಕ್ಷೆಯ ದಿನ ಭಾನುವಾರ. ಆಡುವವರು ಐದಾರು ಜನ ಬಂದಿದ್ದರು. ಅವರಲ್ಲಿ ಇಬ್ಬರ ಗುರುತು ನನಗೆ ಉಳಿದಿದೆ. ಒಬ್ಬರು ಫ್ಯಾಕ್ಟರಿಯ ಹೊಟ್ಟೆ ಸಾಹೇಬರು. ಹೊಟ್ಟೆ ಎಷ್ಟು ಮುಂದಿತ್ತೆಂದರೆ ಚೆಂಡು ಕಾಲ ಹತ್ತಿರ ಇಟ್ಟರೆ ಅವರಿಗೇ ಕಾಣುತ್ತಿರಲಿಲ್ಲ. ಇನ್ನೊಬ್ಬರು ಯಾದಗಿರಿಯಲ್ಲಿ ಆಸ್ಪತ್ರೆ ಇಟ್ಟ ಡಾಕ್ಟರಮ್ಮ, ಬಿಳಿ ಟೋಪಿ, ಮಾತು ಕಡಿಮೆ. ಎಲ್ಲರೂ ಫೋನಿನಲ್ಲಿ ವಿಡಿಯೋ ನೋಡಿದರು, ತಲೆಯಾಡಿಸಿದರು, ಬಾಣ ಹೇಳಿದಂತೆ ಎಡಕ್ಕೆ ಗುರಿ ಇಟ್ಟು ಹೊಡೆದರು.

ಮೊದಲನೇ ಚೆಂಡು ನೆಟ್ಟಗೆ ಹೋಗಿ ಬಾಣ ತೋರಿಸಿದ ಜಾಗದಲ್ಲೇ ಬಿತ್ತು. ನಾನು ಮಾಮಾನ ಕಡೆ ನೋಡಿ ಹುಬ್ಬೇರಿಸಿದೆ. ಚೆಂಡು ಅಲ್ಲಿ ಒಂದು ಕ್ಷಣ ಯೋಚನೆ ಮಾಡಿದಂತೆ ನಿಂತು, ಆಮೇಲೆ ಎಡಕ್ಕೆ ಹೊರಟಿತು. ನಿಧಾನಕ್ಕೆ, ತವರಿಗೆ ಹೋಗುವವಳ ಹಾಗೆ ಒಮ್ಮೆಯೂ ಹಿಂದೆ ನೋಡದೆ, ಹೊಂಡಕ್ಕೆ ಇಳಿಯಿತು. ಎರಡನೆಯದೂ ಇಳಿಯಿತು. ನಾಲ್ಕನೆಯದು ಬಿದ್ದಾಗ ಒಂದು ಕಪ್ಪೆ ಹೊರಗೆ ಜಿಗಿಯಿತು.

"ವಿಡಿಯೋ ಇಲ್ಲದಾಗ ಒಬ್ಬರ ಚೆಂಡು ಹೋಗ್ತಿತ್ತು," ಎಂದರು ಹೊಟ್ಟೆ ಸಾಹೇಬರು. "ಈಗ ಎಲ್ಲರದೂ ಹೋಗ್ತದೆ. ಒಗ್ಗಟ್ಟು ಬಂತು."

ಎಲ್ಲರೂ ನಕ್ಕರು, ಡಾಕ್ಟರಮ್ಮ ಒಬ್ಬರನ್ನು ಬಿಟ್ಟು. ಮ್ಯಾನೇಜರ್ ನಮ್ಮ ಹುಡುಗಿಯ ಹತ್ತಿರ ಬಂದು, "ಇಳಿಜಾರು ಬಲಕ್ಕೆ ಅಂತ ಯಾರು ಹೇಳಿದ್ರಮ್ಮ?" ಎಂದು ಕೇಳಿದರು.

ಅವಳು ನನ್ನ ಕಡೆ ನೋಡಲೇ ಇಲ್ಲ. "ತಪ್ಪು ನಂದೇ ರೀ. ಇನ್ನೊಂದ್ಸಲ ಮಾಡಿಕೊಡ್ತೀನಿ," ಅಂದಳು.

"ಮುಂದಿನ ಭಾನುವಾರ ಕೊನೇದು. ಆಮೇಲೆ ಹೈದರಾಬಾದಿಗೆ ಫೋನು ಮಾಡ್ತೀನಿ."

ಅಲ್ಲಿಯ ಮಾಲಿಯನ್ನು ಕೇಳಿದ ಮೇಲೆ ವಿಷಯ ತಿಳಿಯಿತು. ಹೊಂಡ ತೋಡಿದಾಗ ಬಂದ ಮಣ್ಣನ್ನೆಲ್ಲ ಬುಲ್ಡೋಜರಿನಿಂದ ದೂಡಿ ಬಲಗಡೆಯ ಹಳ್ಳ ಮುಚ್ಚಿದ್ದರು. ಎಡಗಡೆ ತಗ್ಗಾಯಿತು, ಬಲಗಡೆ ಏರಾಯಿತು. ಹೊಸ ಹೊಂಡ ಕಣ್ಣ ಮುಂದೇ ಇತ್ತು. ಅದರ ಮಣ್ಣು ಎಲ್ಲಿ ಹೋಯಿತು ಅಂತ ಒಂದು ಮಾತು ಕೇಳಬೇಕಿತ್ತು. ಹತ್ತು ವರ್ಷದ ಹಿಂದಿನ ನೆಲ ಹೇಳಿಬಂದೆ ನಾನು.

ವ್ಯಾನು ಭೀಮಾ ಹೊಳೆಯ ಸೇತುವೆ ದಾಟಿತು. ಆಮೇಲೆ ನಾನೇ ಕೇಳಿದೆ, "ಆಯಿ ಹೇಳಿದ್ಲು ಅಂತ ಯಾಕ ಅನ್ಲಿಲ್ಲ?"

"ಅಂದಿದ್ರ ಚೆಂಡ ಹೊಂಡದಿಂದ ಎದ್ದು ಬರ್ತಿದ್ವಾ?"

ಮಾಮಾ ಸ್ಟೇರಿಂಗ್ ಹಿಡಿದುಕೊಂಡೇ, "ಕಪ್ಪೆ ಒಂದು ಎದ್ದು ಬಂತಲ್ಲ ಬೇಟಿ," ಅಂದರು. ಅವಳು ನಗಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಎರಡು ದಿನ ಅವಳು ಲ್ಯಾಪ್‌ಟಾಪ್ ಮುಂದೆ ಕೂತು ಅದೇ ವಿಡಿಯೋವನ್ನು ಹಿಂದೆ ಮುಂದೆ ಓಡಿಸಿದಳು. ಎಷ್ಟು ಓಡಿಸಿದರೂ ಚಾದರ ಚಾದರವೇ. ಬಾಣವನ್ನು ಬಲಕ್ಕೆ ತಿರುಗಿಸಿದರೆ ಆಯಿತಲ್ಲ ಎಂದು ನಾನು ಹೇಳಿದೆ. "ಎಷ್ಟು ಬಲಕ್ಕ? ಇಳಿಜಾರು ಎಲ್ಲಿಂದ ಶುರು? ಎಲ್ಲಿ ನಿಲ್ತದ?" ಎಂದು ಕೇಳಿದಳು. ಮೊದಲ ಸಲ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ತಿದ್ದುವಾಗ ಸೊಸೆ ಈ ಸಾಲನ್ನು ಎರಡು ಸಲ ಓದಿದಳು.

ಮಂಗಳವಾರ ಹೊತ್ತು ಮುಳುಗುವ ಮುಂಚೆ ಯಜಮಾನರು ಊರ ಹೊರಗಿನ ಹೊಲದಲ್ಲಿ ಬಲೆ ಹಾಕುವ ಜಾಗ ಗೊತ್ತುಮಾಡುತ್ತಿದ್ದರು. ನಾನೂ ಮೊಮ್ಮಗಳೂ ಅವರಿಗೆ ರೊಟ್ಟಿ ಬುತ್ತಿ ಒಯ್ದಿದ್ದೆವು. ಕುರಿಗಳನ್ನು ತಗ್ಗಿನಲ್ಲಿ ಮಲಗಿಸಿದರೆ ಉಚ್ಚೆ ನಿಂತು ಮರಿಗಳಿಗೆ ಶೀತವಾಗುತ್ತದೆ. ಅದಕ್ಕೆ ನಮ್ಮವರು ಬಲೆ ಕಟ್ಟುವ ಮುಂಚೆ ನೆಲಕ್ಕೆ ಗಲ್ಲ ಹಚ್ಚಿ ಮಲಗಿ ನೋಡುತ್ತಾರೆ. ನಿಂತ ಕಣ್ಣಿಗೆ ಸಪಾಟಾಗಿ ಕಂಡ ಹೊಲ ಗಲ್ಲದ ಮಟ್ಟದಿಂದ ನೋಡಿದರೆ ಹಾಗಿರುವುದಿಲ್ಲ. ಸಂಜೆ ಇಲ್ಲವೇ ಬೆಳಗಿನ ಬಿಸಿಲು ಅಡ್ಡ ಬಿದ್ದಾಗ ಗೇಣು ತಗ್ಗಿನಲ್ಲೂ ನೆರಳು ನಿಲ್ಲುತ್ತದೆ. ಯಜಮಾನರು ಹಾಗೆ ಮಲಗಿದ್ದರು, ರುಮಾಲು ಪಕ್ಕಕ್ಕಿಟ್ಟು, ಒಂದು ಕಣ್ಣು ಮುಚ್ಚಿ.

ನಾನು ಈ ಕೆಲಸವನ್ನು ಜೀವನವಿಡೀ ನೋಡಿದವಳು, ಮಾಡಿದವಳು. ಸೈದಾಪುರದಲ್ಲಿ ಮಾತ್ರ ಬಗ್ಗಲಿಲ್ಲ. ಪೇಟೆಯ ಮಂದಿ ನೋಡುತ್ತಿದ್ದರು, ಇಸ್ತ್ರಿ ಸೀರೆ ಉಟ್ಟಿದ್ದೆ.

"ನೋಡಿದೇನು," ಎಂದರು ಅವರು ಮಲಗಿದಲ್ಲಿಂದಲೇ. "ನೆಲಾನ ನೆನಪಿಗೆ ಕೇಳಬಾರದು, ಗಲ್ಲಕ್ಕ ಕೇಳಬೇಕು. ನಿಮ್ಮಪ್ಪನೇ ನನಗ ಹೇಳಿಕೊಟ್ಟದ್ದು ಇದು. ನಿನಗ ಹೇಳಿಕೊಡೂದ ಮರ್ತಾನ."

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಬುತ್ತಿ ಕೆಳಗಿಟ್ಟು ಮುತ್ಯಾನ ಪಕ್ಕ ಮಲಗಿಬಿಟ್ಟಳು, ಅವರ ಗಲ್ಲದ ಪಕ್ಕ ತನ್ನ ಗಲ್ಲ ಹಚ್ಚಿ. ಬಹಳ ಹೊತ್ತು ಏಳಲಿಲ್ಲ. ಆಮೇಲೆ ಫೋನು ತೆಗೆದು ನೆಲದ ಮೇಲೆ ಇಟ್ಟು ವಿಡಿಯೋ ಮಾಡಿದಳು. ತೋರಿಸಿದಳು. ನಮ್ಮ ಬೋಳು ಹೊಲ ಅದರಲ್ಲಿ ಉಬ್ಬು ತಗ್ಗಾಗಿ, ಮಲಗಿದ ಕುರಿಹಿಂಡಿನ ಬೆನ್ನುಗಳ ಹಾಗೆ ಕಾಣುತ್ತಿತ್ತು.

"ಮುತ್ಯಾ, ಶನಿವಾರ ನೀನೂ ನಡಿ," ಅಂದಳು. "ನಿನ್ನ ಗಲ್ಲ ಬೇಕು."

"ಕುರಿ ಯಾರ್ ನೋಡ್ತಾರ?"

"ಅಪ್ಪ ನೋಡ್ತಾನ."

"ಅವ ಕುರಿ ನೋಡ್ತಾನೋ, ಕುರಿ ಅವನ ನೋಡ್ತಾವೋ," ಎಂದು ಎದ್ದರು. ಬರುತ್ತೇನೆ ಅನ್ನುವುದಕ್ಕೆ ಅವರು ಅಷ್ಟೇ ಹೇಳುವುದು.

ಶನಿವಾರ ಕತ್ತಲಿರುವಾಗಲೇ ಹೊರಟು, ಸೂರ್ಯ ಮೂಡುವ ಹೊತ್ತಿಗೆ ಮೈದಾನ ಮುಟ್ಟಿದೆವು. ಮಾಮಾ ಇಡೀ ದಾರಿ ಗೊಣಗಿದರು. "ನಕ್ಕೋ ಬೇಟಿ, ಬೆಳಿಗ್ಗೆ ಬ್ಯಾಡ. ನೆರಳು ಬೀಳ್ತದ."

"ನೆರಳೇ ಬೇಕು ಮಾಮಾ."

"ಇಪ್ಪತ್ತು ವರ್ಷ ನೆರಳು ಓಡ್ಸಿದೀನಿ ನಾನು. ಈಗ ಕರೀಬೇಕಾ?"

ಮೂರನೇ ಕುಣಿಯ ಹತ್ತಿರ ಯಜಮಾನರು ಚಪ್ಪಲಿ ಬಿಟ್ಟು, ಆ ನುಣುಪು ಹುಲ್ಲಿನ ಮೇಲೆ ಗಲ್ಲ ಹಚ್ಚಿ ಮಲಗಿದರು. ಈ ಸಲ ನಾನೂ ಮಲಗಿದೆ, ಹಳೇ ಸೀರೆ ಉಟ್ಟೇ ಬಂದಿದ್ದೆ. ಇಬ್ಬರೂ ಎದುರುಬದುರು ಮಲಗಿ ಆ ಕಡೆ ಈ ಕಡೆ ಕೈ ತೋರಿಸುತ್ತಿದ್ದಾಗ ಕಾವಲುಗಾರ ಓಡಿಬಂದ. ಸೈದಾಪುರದ ಕಡೆಯವನೇ, ಐವತ್ತರ ಮನುಷ್ಯ.

"ಯಾರಿವ್ರು? ಏನಾಗ್ಯದ ಇವರಿಗೆ? ಏನರ ತಿಂದಾರೇನು?"

"ಇಲ್ಲ ಕಾಕಾ, ನೆಲ ನೋಡಾಕತ್ತಾರ," ಅಂದಳು ಮೊಮ್ಮಗಳು.

"ನಿಂತು ನೋಡ್ಲಿಕ್ಕೆ ಬರಂಗಿಲ್ಲೇನು?"

"ನಿಂತು ನೋಡಿದಾಕಿ ಈಕೀನೇ," ಎಂದು ಯಜಮಾನರು ಏಳದೆಯೇ ನನ್ನ ಕಡೆ ಬೆರಳು ಮಾಡಿದರು. "ನಾಕ ಚೆಂಡ ಹೊಂಡಕ್ಕ ಹೋದ್ವು."

"ಓ, ಈ ಅಮ್ಮನಾ ಅದು," ಎಂದ ಕಾವಲುಗಾರ. ನನ್ನ ಕೀರ್ತಿ ಗೇಟಿನ ತನಕ ಮುಟ್ಟಿತ್ತು. ಸ್ವಲ್ಪ ಹೊತ್ತು ನಿಂತು ನೋಡಿ, ಆಚೆ ಈಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಟೋಪಿ ತೆಗೆದು ಅವನೂ ಮಲಗಿದ. "ಅರೆ, ಹೌದಲ್ಲ," ಅಂದ. "ಇಲ್ಲಿ ಒಂದು ಉಬ್ಬು ಅದ. ದಿನಾ ಇದರ ಮ್ಯಾಲೇ ತಿರುಗ್ತೀನಿ ನಾ."

ಬಾವುಟದ ಬಲಕ್ಕೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಕುರಿಯ ಬೆನ್ನಿನಂಥ ಒಂದು ಉದ್ದ ಉಬ್ಬು ಇತ್ತು. ಹಳೇ ಹಳ್ಳದ ಮೇಲೆ ಮಣ್ಣು ಕೂತು ಆದದ್ದು. ಅಲ್ಲಿಂದ ನೆಲ ಎಡಕ್ಕೆ ಮೆಲ್ಲಗೆ ಇಳಿದು, ಬಾವುಟದ ಹತ್ತಿರ ತಟ್ಟೆಯಂತೆ ಒಂದಿಷ್ಟು ಸಪಾಟಾಗಿ, ಮತ್ತೆ ಹೊಂಡದ ಕಡೆ ಜಾರುತ್ತಿತ್ತು. ಆ ಉಬ್ಬಿನ ಮೇಲೆ ಬಿದ್ದ ಚೆಂಡು ಉರುಳಿಕೊಂಡು ಬಂದು ತಟ್ಟೆಯಲ್ಲಿ ನಿಲ್ಲಬೇಕು. ಯಜಮಾನರು ಹೌದೆಂದರು. ನಾನು ಮತ್ತೊಮ್ಮೆ ಬೇರೆ ಕಡೆಯಿಂದ ಮಲಗಿ ನೋಡಿ ಹೌದೆಂದೆ. ಮೊಮ್ಮಗಳು ಇಬ್ಬರನ್ನೂ ನಂಬದೆ ಒಂದು ಚೆಂಡು ಉರುಳಿಸಿ ನೋಡಿದಳು. ಒಳ್ಳೆಯದೇ ಮಾಡಿದಳು.

ಹೊಸ ವಿಡಿಯೋ ಹೀಗಿತ್ತು. ಮೊದಲು ಮೇಲಿನಿಂದ ಇಡೀ ಕುಣಿಯ ದಾರಿ ಕಾಣುತ್ತದೆ. ಆಮೇಲೆ ಡ್ರೋನ್ ನಿಧಾನಕ್ಕೆ ಇಳಿಯುತ್ತ ಇಳಿಯುತ್ತ ಬಾವುಟದ ಹತ್ತಿರ ಬರುತ್ತದೆ. ಅಲ್ಲಿಂದ ಮುಂದೆ ಸಣ್ಣ ಕ್ಯಾಮೆರಾ ಗಲ್ಲದ ಮಟ್ಟದಲ್ಲಿ ಹುಲ್ಲಿನ ಮೇಲೆ ಹರಿದಾಡುತ್ತದೆ. ಬೆಳಗಿನ ಬಿಸಿಲಿಗೆ ಉಬ್ಬಿನ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ನಾನು ಬಾಣ ಎಲ್ಲಿ ಅಂತ ಕೇಳಿದೆ. "ಬಾಣ ಬ್ಯಾಡ ಆಯಿ. ನೆಲಾನೇ ತೋರಸ್ತದ. ನೋಡಿ ಅವರೇ ಲೆಕ್ಕ ಹಾಕ್ಲಿ," ಅಂದಳು. ಮಾಮಾ ಅದನ್ನು ಮೂರು ಸಲ ನೋಡಿ, "ಮದುವಿಗೆ ನಡಿಯಂಗಿಲ್ಲ. ಇದಕ್ಕ ನಡೀತದ," ಎಂದು ಒಪ್ಪಿದರು.

ಭಾನುವಾರ ಮೊದಲು ಹೊಡೆಯಲಿಕ್ಕೆ ನಿಂತವರು ಡಾಕ್ಟರಮ್ಮ. ವಿಡಿಯೋ ಒಮ್ಮೆ ನೋಡಿದರು. ಕೊನೆಯ ಭಾಗವನ್ನು ಮತ್ತೊಮ್ಮೆ ನೋಡಿದರು. "ಇದು ಯಾರ ಎತ್ತರದಿಂದ ತೆಗೆದಿದ್ದು?" ಎಂದು ಕೇಳಿದರು.

"ನಮ್ಮ ಮುತ್ಯಾನ ಗಲ್ಲದ ಎತ್ತರದಿಂದ ರೀ," ಅಂದಳು ಹುಡುಗಿ.

ಡಾಕ್ಟರಮ್ಮ ಯಜಮಾನರ ಗಲ್ಲವನ್ನು ಒಂದು ಸಲ ಪರೀಕ್ಷೆ ಮಾಡುವಂತೆ ನೋಡಿ, ಆಮೇಲೆ ಬಾವುಟಕ್ಕೆ ಬೆನ್ನು ತಿರುಗಿಸಿದರೇನೋ ಅನ್ನುವಷ್ಟು ಬಲಕ್ಕೆ ತಿರುಗಿ ನಿಂತರು. ಹೊಟ್ಟೆ ಸಾಹೇಬರು ಕೆಮ್ಮಿದರು. ನಾನು ಕಣ್ಣು ಮುಚ್ಚಿ ನಮ್ಮ ಮನೆದೇವರಿಗೆ ಒಂದು ತೆಂಗಿನಕಾಯಿ ಹೇಳಿಕೊಂಡೆ. ದೇವರಿಗೂ ಗಾಲ್ಫ್ ಗೊತ್ತಿರಲಿಕ್ಕಿಲ್ಲ, ಆದರೆ ಕುರಿಯವರ ದೇವರು, ಇಳಿಜಾರು ಗೊತ್ತಿರಬೇಕು. ಹೊಡೆದ ಸದ್ದು ಕೇಳಿತು. ಕಣ್ಣು ತೆರೆದಾಗ ಚೆಂಡು ಉಬ್ಬಿನ ಮೇಲೆ ಕೂತಿತ್ತು. ಕೂತೇ ಇತ್ತು. ಆಮೇಲೆ ಅದು ಎಡಕ್ಕೆ ಹೊರಳಿತು, ಕುರಿಯ ಬೆನ್ನಿನಿಂದ ಇಳಿದು, ಹುಲ್ಲಿನ ಮೇಲೆ ಗೆರೆ ಎಳೆದಂತೆ ಬಂದು, ಬಾವುಟದಿಂದ ಎರಡು ಮಾರು ದೂರದಲ್ಲಿ ನಿಂತಿತು.

ಡಾಕ್ಟರಮ್ಮ ಟೋಪಿ ಸ್ವಲ್ಪ ಮೇಲೆ ಸರಿಸಿದರು, ಅಷ್ಟೇ. ಅವರ ಹಿಂದಿನ ಮೂವರೂ ಬಲಕ್ಕೇ ಹೊಡೆದರು. ಒಂದೂ ಹೊಂಡಕ್ಕೆ ಹೋಗಲಿಲ್ಲ. ಹೊಟ್ಟೆ ಸಾಹೇಬರದು ಬಾವುಟ ದಾಟಿ ಉಸುಕಿನಲ್ಲಿ ಹೂತುಕೊಂಡಿತು.

"ವಿಡಿಯೋ ಪೂರ್ತಿ ನೋಡಿದ್ರೇನ್ರಿ?" ಎಂದು ಮೊಮ್ಮಗಳು ಬಹಳ ವಿನಯದಿಂದ ಕೇಳಿದಳು.

"ಅರ್ಧಕ್ಕೆ ಫೋನು ಬಂತು," ಎಂದರು ಅವರು.

ಮ್ಯಾನೇಜರ್ ಮಾತ್ರ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಮಾಲಕರನ್ನು ಕೇಳಿ ಫೋನು ಮಾಡುತ್ತೇನೆ ಎಂದರು. ಆಮೇಲಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಯಾರಿಗೂ ಫೋನು ಮುಟ್ಟಲಿಕ್ಕೆ ನಾನು ಬಿಡಲಿಲ್ಲ. ಸೊಸೆಯ ತವರಿನಿಂದ ಬಂದ ಫೋನನ್ನು "ಆಮ್ಯಾಗ ಮಾಡ್ರಿ" ಎಂದು ಇಟ್ಟುಬಿಟ್ಟೆ. ಅದರ ಸಿಟ್ಟು ಇನ್ನೂ ಇಳಿದಿಲ್ಲ. ಗುರುವಾರ ಬಂದ ಫೋನಿನ ವಿಷಯ ಮೊದಲೇ ಹೇಳಿದ್ದೇನೆ. ಇನ್ನೊಂದು ಸಲ ಹೇಳಲಿಕ್ಕೂ ನನಗೆ ಅಡ್ಡಿಯಿಲ್ಲ. ಒಂಬತ್ತೂ ಕುಣಿ, ಅವಳದೇ ಹೆಸರಿನಲ್ಲಿ, ಎಲ್ಲ ಬೆಳಗಿನ ಬಿಸಿಲಿನಲ್ಲಿ, ಗಲ್ಲದ ಮಟ್ಟದಿಂದ.

ಸಂಜೆ ಮಾಮಾ ತಮ್ಮ ಬೀಬಿಯನ್ನು ಕರೆದುಕೊಂಡು ಬಂದರು. ಮರಿ ಕೊಯ್ದದ್ದು ಮಾಮಾನೇ. ನಮ್ಮ ಊರುಗಳಲ್ಲಿ ಹಾಗೇ, ಅವರ ಕೈಯಿಂದ ಆದರೆ ಎರಡೂ ಮನೆಯವರು ಉಣ್ಣಬಹುದು. ಬೀಬಿ ಒಲೆ ಮುಂದೆ ಕೂತು ಮಸಾಲೆ ನೋಡಿಕೊಂಡರು, ನಾನು ರೊಟ್ಟಿ ಬಡಿದೆ, ಸೊಸೆ ಶೇಂಗಾ ಹೋಳಿಗೆ ಮಾಡಿದಳು. ಮಗ ಹಿಂಡು ತರುಬಿ ಬಂದ. ಬಂದವನು ಎಲ್ಲ ಕುರಿ ಸರಿಯಾಗಿವೆಯೆಂದು ಯಾರೂ ಕೇಳದಿದ್ದರೂ ಹೇಳಿದ. ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ನೆಲದ ಮೇಲೆ ಕೂತೆವು. ಮೊಮ್ಮಗಳನ್ನು ನಡುವೆ ಕೂಡಿಸಿದೆವು. ಅವಳು ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದ್ದನ್ನು ನೋಡಿ ನನ್ನ ಹೊಟ್ಟೆ ತುಂಬಿತು.

ಅನ್ನದ ಮೇಲೆ ಸಾರು ಬಡಿಸಿದಾಗ ಯಜಮಾನರು ತಮ್ಮ ತಾಟನ್ನು ದಿಟ್ಟಿಸಿ ನೋಡಿದರು. ಮಗನ ತಾಟು ನೋಡಿದರು. ಮಾಮಾನ ತಾಟು ನೋಡಿದರು. ಎಲ್ಲರ ತಾಟಿನಲ್ಲೂ ಸಾರು ಎಡಕ್ಕೇ ಓಡಿ ನಿಂತಿತ್ತು.

"ಈ ಪಡಸಾಲಿ ನೆಲಕ್ಕ ಫರಸಿ ಕಲ್ಲು ಹಾಕ್ಸಿದ್ದು ಯಾರು?" ಎಂದು ಕೇಳಿದರು, ಗೊತ್ತಿಲ್ಲದವರ ಹಾಗೆ.

ಗೌಂಡಿಯ ತಲೆಯ ಮೇಲೆ ನಿಂತು ಕೆಲಸ ಮಾಡಿಸಿದವಳು ನಾನೇ. "ಸಪಾಟ ಅದ, ಹಾಕು" ಅಂದವಳೂ ನಾನೇ. ನಿಂತೇ ಹೇಳಿದ್ದೆ.

ನಾನು ಗೌಂಡಿಯ ಮೇಲೆ ತಪ್ಪು ಹಾಕುವಷ್ಟರಲ್ಲಿ ಮೊಮ್ಮಗಳು ಎಂಜಲು ಕೈ ಮೇಲೆತ್ತಿಕೊಂಡು, ಎರಡು ತಾಟುಗಳ ನಡುವೆ ಬಗ್ಗಿ, ನೆಲಕ್ಕೆ ಗಲ್ಲ ಹಚ್ಚಿ ಒಂದು ಕಣ್ಣು ಮುಚ್ಚಿದಳು. ಎಲ್ಲರೂ ತುತ್ತು ಹಿಡಿದು ಕಾದೆವು.

"ಎಡಕ್ಕದ ಆಯಿ," ಅಂದಳು. "ಮುತ್ಯಾನ ಕಡೀಗೆ. ಎಲ್ಲಾರೂ ಅನ್ನ ಎಡಕ್ಕ ಸರಿಸ್ಕೋರಿ."

ಬೀಬಿ ಮೊದಲು ಸರಿಸಿದರು, ಆಮೇಲೆ ಮಾಮಾ, ಮಗ, ಸೊಸೆ. ಕೊನೆಗೆ ನಾನೂ ಅನ್ನವನ್ನು ಎಡಕ್ಕೆ ಸರಿಸಿಕೊಂಡು, ಹಿಂದಿನ ಸಾರಿನ ಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡು ಉಂಡೆ.